ಏಳನೆಯ ಗಂಟು

"ಬುದ್ಧಿ, ಒಂದು ವಸ್ತು ಒಳ್ಳೇದೋ ಕೆಟ್ಟದ್ದೋ ಅಂತ ಕೊಳ್ಳೋ ಮೊದಲೇ ತಿಳಿಯೋದು ಹೇಗೆ?"

ಕೇಳಿದವನು ಮರುಳಸಿದ್ಧಯ್ಯ, ಮಠದ ಆಸ್ಪತ್ರೆಯ ವ್ಯವಸ್ಥಾಪಕ. ಅರವತ್ತು ಹಾಸಿಗೆಯ ಆ ಆಸ್ಪತ್ರೆ ಹನ್ನೊಂದು ವರ್ಷದಿಂದ ಅವನ ಹೆಗಲ ಮೇಲಿತ್ತು. ಇಷ್ಟು ದಿನ ರೋಗಿಗಳ ಹೆಸರು, ಕಾಯಿಲೆ, ಕೊಟ್ಟ ಮದ್ದು, ಮಾಡಿದ ಪರೀಕ್ಷೆ ಎಲ್ಲವೂ ಕಾಗದದಲ್ಲಿದ್ದವು. ಇನ್ನು ಎಲ್ಲವೂ ಕಂಪ್ಯೂಟರಿಗೆ ಹೋಗಬೇಕೆಂದು ಟ್ರಸ್ಟು ತೀರ್ಮಾನಿಸಿತ್ತು. ಅದಕ್ಕೆ ತಕ್ಕ ಸಾಫ್ಟ್‌ವೇರನ್ನು ಆರಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಆರಿಸಿಯೂ ಆಗಿತ್ತು. ಕಂಪನಿಯವರು ಕೆಳಗಿನ ಆಫೀಸಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ನಾಲ್ಕು ಗಂಟೆಗೆ ಅವನು ಸಹಿ ಹಾಕಬೇಕು. ಆಗಲೇ ಮೂರು ಗಂಟೆಯಾಗಿತ್ತು.

ಆದರೂ ಅವನಿಗೆ ಸಮಾಧಾನವಿಲ್ಲ. ಮೂರು ದಿನದಿಂದ ಅನ್ನ ಸೇರುತ್ತಿರಲಿಲ್ಲ. ಹೋದ ವರ್ಷ ಇಬ್ಬರು ರೋಗಿಗಳ ಚೀಟಿ ಅದಲುಬದಲಾಗಿ ಒಬ್ಬ ಮುದುಕ ಸಾವಿನ ಬಾಗಿಲು ತಟ್ಟಿ ಬಂದಿದ್ದ. ಅಂದಿನಿಂದ ಮರುಳಸಿದ್ಧಯ್ಯನನ್ನು ಒಂದೇ ಹೆದರಿಕೆ ಕಾಡುತ್ತಿತ್ತು. ತನ್ನ ಕಾಲದಲ್ಲಿ, ತನ್ನ ಕೈಯಿಂದಾದ ತಪ್ಪಿಗೆ, ಒಂದು ಜೀವ ಹೋಗಬಾರದು. ಸಹಿ ಹಾಕುವ ಮೊದಲು ಗುರುಗಳಾದ ಮಠದ ಸ್ವಾಮಿಗಳ ಬಾಯಿಂದ ಒಂದು ಒಳ್ಳೆಯ ಮಾತು ಕೇಳಿಕೊಂಡು ಹೋಗೋಣವೆಂದು ಬಂದಿದ್ದ.

ಸ್ವಾಮಿಗಳಿಗೆ ಕಣ್ಣಿನ ಪೊರೆ ತೆಗೆದು ಒಂದು ವಾರವಾಗಿತ್ತು. "ಫೈಲಲ್ಲಿರೋದನ್ನ ನೀನೇ ಓದಪ್ಪಾ, ಕೇಳ್ತೀನಿ" ಎಂದರು.

ಅವನು ಓದಿದ. ನಾಲ್ಕು ಕಂಪನಿಗಳು ಬಂದಿದ್ದವು. ಐದು ಜನರ ಕಮಿಟಿ ಕೂತಿತ್ತು. ಏನೇನು ಇರಬೇಕೆಂದು ಇನ್ನೂರ ಹನ್ನೆರಡು ಅಂಶಗಳ ಪಟ್ಟಿ ಮಾಡಿದ್ದರು. ಅದರಲ್ಲಿ ಇನ್ನೂರ ಆರು ಅಂಶಗಳು ಈ ಕಂಪನಿಯದರಲ್ಲಿ ಇದ್ದವು. ಪಟ್ಟಣದಿಂದ ಬಂದ ಪರಿಣತರು ಸಭಾಂಗಣದ ದೊಡ್ಡ ಪರದೆಯ ಮೇಲೆ ನಡೆಸಿ ನೋಡಿ ಭೇಷ್ ಎಂದಿದ್ದರು. ಮೂರನೆಯ ವಾರ್ಡಿನಲ್ಲಿ ಹದಿನೈದು ದಿನ ಇಟ್ಟು ನೋಡಿದ್ದೂ ಆಗಿತ್ತು. ಹದಿನೇಳು ಜನ ನರ್ಸುಗಳು 'ಚೆನ್ನಾಗಿದೆ' ಎಂದು ಬರೆದು ಸಹಿ ಹಾಕಿಕೊಟ್ಟಿದ್ದರು. ಇನ್ನೊಂದು ಹಾಳೆ ಉಳಿದಿರುವಾಗಲೇ ಅವನು ಫೈಲು ಮುಚ್ಚಲು ಹೋದ.

"ಅದೇನದು, ಕೊನೇದು?" ಎಂದರು ಸ್ವಾಮಿಗಳು.

"ಏನಿಲ್ಲ ಬುದ್ಧಿ, ಸಣ್ಣದೊಂದು ನೋಟಿಸು. ಮೂರನೇ ವಾರ್ಡಲ್ಲಿ ಹಾಲಮ್ಮ ಅಂತ ಒಬ್ಬ ನರ್ಸು. ಆ ಹದಿನೈದು ದಿನದಲ್ಲೇ ಅಂಗೈ ತುಂಬ ಪೆನ್ನಲ್ಲಿ ಏನೇನೋ ಗೀಚ್ಕೊಂಡು ಓಡಾಡ್ತಿದ್ಲು. ರೋಗಿಗಳನ್ನ ಮುಟ್ಟೋ ಕೈ ಅದು. ನಲ್ಲಿ ಹತ್ರ ನಿಲ್ಲಿಸಿ ತೊಳೆಸಿದೆ. ಇನ್ಮೇಲೆ ಯಾರೂ ಹಾಗೆ ಮಾಡಬಾರ್ದು ಅಂತ ಗೋಡೆಗೆ ಅಂಟಿಸಿದ್ದೀನಿ."

"ಒಂದು ಕತೆ ಹೇಳ್ತೀನಿ" ಎಂದರು ಸ್ವಾಮಿಗಳು. ಮರುಳಸಿದ್ಧಯ್ಯ ಗೋಡೆಯ ಗಡಿಯಾರ ನೋಡಿದ. ಗುರುಗಳು ಕತೆ ಹೇಳುತ್ತೇನೆಂದ ಮೇಲೆ ಗಡಿಯಾರ ನೋಡಬಾರದು. ಅದು ಅವನಿಗೂ ಗೊತ್ತಿತ್ತು. ಆದರೂ ನೋಡಿದ.

ಒಂದು ಊರು. ಊರಿಗೊಂದು ವೈದ್ಯಶಾಲೆ. ಅದರ ಆಗುಹೋಗು ನೋಡಿಕೊಳ್ಳಲು ಒಬ್ಬ ಪಾರುಪತ್ಯಗಾರ. ಮದ್ದು ಹೇಳಲು ಒಬ್ಬ ವೈದ್ಯ. ಕುಡಿಸಲು ಒಬ್ಬ ಸೂಲಗಿತ್ತಿ. ಅವಳು ಹೆಸರಿಗೆ ಸೂಲಗಿತ್ತಿ, ಅಷ್ಟೆ. ಹೆರಿಗೆ ಮಾಡಿಸುವುದರಿಂದ ಹಿಡಿದು ಹೆಣಕ್ಕೆ ನೀರು ಹಾಕುವವರೆಗೆ ಎಲ್ಲ ಕೆಲಸವೂ ಅವಳದೇ. ವೈದ್ಯ ನಾಡಿ ಹಿಡಿಯುತ್ತಿದ್ದ, ಮದ್ದಿನ ಹೆಸರು ಹೇಳುತ್ತಿದ್ದ, ಮುಂದಿನ ಊರಿಗೆ ಹೊರಡುತ್ತಿದ್ದ. ಹೇಳಿದ ಮದ್ದು ಹೇಳಿದ ಹೊತ್ತಿಗೆ ಹೇಳಿದವರ ಬಾಯಿಗೆ ಬೀಳುತ್ತಿದ್ದದ್ದು ಅವಳ ಕೈಯಿಂದ.

ಆ ಕಾಲದಲ್ಲಿ ಮದ್ದಿನ ಸಂಚಿಗಳನ್ನು ಮಾಡಿನ ಜಂತೆಗೆ ತೂಗುಹಾಕುತ್ತಿದ್ದರು. ಒಂದು ದಿನ ಇಲಿ ಒಂದು ಸಂಚಿಯನ್ನು ಕಡಿಯಿತು. ಅದರ ಪುಡಿ ಕೆಳಗಿನ ಸಂಚಿಗೆ ಸುರಿಯಿತು. ಆ ಕೆಳಗಿನ ಸಂಚಿಯ ಮದ್ದು ಕುಡಿದ ಒಬ್ಬ ರೈತ ಎರಡು ದಿನ ಕಣ್ಣು ಬಿಡಲಿಲ್ಲ. ಮೂರನೆಯ ದಿನ ಎದ್ದು ಕೂತು ಗಂಜಿ ಕೇಳಿದ. ಅವನಿಗೆ ಏನೂ ಆಗಲಿಲ್ಲ. ಆದದ್ದು ಪಾರುಪತ್ಯಗಾರನಿಗೆ. ಅವನ ನೆಮ್ಮದಿ ಅಂದೇ ಹೋಯಿತು.

ಈ ಪಾರುಪತ್ಯಗಾರ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಕತೆಯಲ್ಲಿ ತಪ್ಪು ಮಾಡುವವನು ಕೆಟ್ಟವನೇ ಆಗಿದ್ದರೆ ಕೇಳುವವರಿಗೆ ಹಾಯೆನಿಸುತ್ತದೆ, ತಾವು ಒಳ್ಳೆಯವರೆಂದು ಎದ್ದು ಹೋಗಬಹುದು. ಇವನು ಹಾಗಲ್ಲ. ಉಣ್ಣುವಾಗಲೂ ಜಂತೆ ನೋಡುತ್ತಿದ್ದ. ರೋಗಿ ಕೆಮ್ಮಿದರೆ ಬೆಚ್ಚುತ್ತಿದ್ದ. ಮದ್ದು ಬೆರಕೆಯಾಗುವುದಕ್ಕೆ ಸಾಧ್ಯವೇ ಇಲ್ಲದಂಥ ಒಂದು ಪೆಟ್ಟಿಗೆ ಬೇಕೆಂದು ಊರಿನ ಒಡೆಯನ ಮುಂದೆ ಹೋಗಿ ಕೈಮುಗಿದು ನಿಂತ. ಒಡೆಯ ಒಪ್ಪಿದ. ಪೆಟ್ಟಿಗೆ ಹೇಗಿರಬೇಕೆಂದು ನಿರ್ಧರಿಸಲು ಐದು ಜನ ಹಿರಿಯರನ್ನು ಕೂರಿಸಿದ.

ವೈದ್ಯಶಾಲೆಯಲ್ಲಿ ಇದ್ದದ್ದು ಇಪ್ಪತ್ತನಾಲ್ಕು ಮದ್ದು. ಇಪ್ಪತ್ತನಾಲ್ಕು ಖಾನೆ ಸಾಕಾಗಿತ್ತು. ಆದರೆ ಐದು ಜನ ಕೂತರೆ ಐದು ಮನಸ್ಸು. ಉಗ್ರಾಣದವನು ಹಳೆಯ ಮದ್ದಿಗೆ ಬೇರೆ, ಹೊಸ ಮದ್ದಿಗೆ ಬೇರೆ ಖಾನೆ ಇರಲಿ ಎಂದ. ಪಂಡಿತ, ಮದ್ದಿನ ಹೆಸರುಗಳೆಲ್ಲ ಶಾಸ್ತ್ರದಲ್ಲಿದ್ದಂತೆ ಸಂಸ್ಕೃತದಲ್ಲೇ ಕೆತ್ತಿಸಬೇಕೆಂದ. ವ್ಯಾಪಾರಿ, ದೂರದ ದೇಶದಲ್ಲಿ ಸಿಗುವ ಬೇರುಗಳಿಗೂ ಜಾಗ ಇರಲಿ, ಮುಂದೆಂದಾದರೂ ತರಿಸಿದರೆ ಬೇಕಾಗುತ್ತದೆ ಎಂದ. ಖಾನೆ ಅರವತ್ತಾಯಿತು, ಎಂಬತ್ತಾಯಿತು. ನೂರೆಂಟಾದಾಗ ಪುರೋಹಿತ ಇದು ಶುಭಸಂಖ್ಯೆ, ಇನ್ನು ಮುಟ್ಟಬೇಡಿ ಎಂದ. ಹಾಗಾಗಿ ಅಲ್ಲಿಗೆ ನಿಂತಿತು. ಇಲ್ಲವಾದರೆ ಎಲ್ಲಿಗೆ ಹೋಗಿ ಮುಟ್ಟುತ್ತಿತ್ತೋ ದೇವರೇ ಬಲ್ಲ.

ಇಬ್ಬರು ಬಡಗಿಗಳು ಬಂದರು.

ಒಬ್ಬ ತಂದದ್ದು ಬಣ್ಣವಿಲ್ಲದ ಒಂದು ಪೆಟ್ಟಿಗೆ. ಅದು ಇನ್ನೂ ಅರ್ಧವಾಗಿತ್ತು. ಅವನು ಹಿರಿಯರಿಗೆ ಕೈಮುಗಿದು, ಇದನ್ನು ದಿನವೂ ತೆಗೆಯುವವರು ಯಾರು ಎಂದು ಕೇಳಿದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಆ ಮಾತು ಅವರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಪಾರುಪತ್ಯಗಾರ ಬಾಗಿಲ ಕಡೆ ಕೈ ತೋರಿಸಿದ. ಸೂಲಗಿತ್ತಿ ಅಲ್ಲಿ ಬಿಸಿನೀರಿನ ತಪ್ಪಲೆ ಹಿಡಿದು ನಿಂತಿದ್ದಳು. ಬಡಗಿ ಅವಳ ಹತ್ತಿರ ಹೋದ. ಅವಳ ಕೈಗಳನ್ನು ನೋಡಿದ. ಒಂದು ದಾರ ತೆಗೆದು ನೆಲದಿಂದ ಅವಳ ಮೊಣಕೈವರೆಗೆ ಅಳೆದ. ಎಂಟು ದಿನ ಇಲ್ಲೇ ಒಂದು ಮೂಲೆಯಲ್ಲಿ ಕೂತಿರುತ್ತೇನೆ, ಇವಳು ಕೆಲಸ ಮಾಡುವುದನ್ನು ನೋಡಿ ಉಳಿದರ್ಧ ಮಾಡುತ್ತೇನೆ ಎಂದ.

ಹಿರಿಯರಿಗೆ ಇದು ಹಿಡಿಸಲಿಲ್ಲ. ಸಭೆಯಲ್ಲಿ ಹೆಂಗಸನ್ನು ದಾರ ಹಿಡಿದು ಅಳೆಯುವುದೆಂದರೇನು? ಕೆಲಸ ಗೊತ್ತಿದ್ದವನು ಮಾಡಿ ತರುತ್ತಾನೆ, ಗೊತ್ತಿಲ್ಲದವನು ನೋಡಿ ಮಾಡುತ್ತೇನೆ ಎನ್ನುತ್ತಾನೆ ಎಂದು ಪಂಡಿತ ನಕ್ಕ. ಬಡಗಿ ದಾರ ಸುತ್ತಿಕೊಂಡು ಹೊರಟುಹೋದ.

ಇನ್ನೊಬ್ಬ ಬಡಗಿಯ ಪೆಟ್ಟಿಗೆಯನ್ನು ನಾಲ್ಕು ಆಳುಗಳು ಹೊತ್ತು ತಂದರು. ಬೀಟೆ ಮರ. ನೂರೆಂಟು ಖಾನೆ. ಒಂದೊಂದಕ್ಕೂ ಕಡಲೆಕಾಳಿನಷ್ಟು ಹಿತ್ತಾಳೆಯ ಹಿಡಿ. ಮೇಲಿನ ಸಾಲಿನಲ್ಲಿ ರೋಗಗಳ ಹೆಸರು, ಕೆಳಗೆ ಮದ್ದುಗಳ ಹೆಸರು. ಮೊದಲು ರೋಗದ ಖಾನೆ ತೆಗೆಯಬೇಕು. ಅದರೊಳಗೆ ಒಂದು ಪುಟ್ಟ ಕೀಲಿಕೈ. ಆ ಕೀಲಿಕೈ ಹಾಕಿದರೆ ಮಾತ್ರ ಆ ರೋಗದ ಮದ್ದಿನ ಖಾನೆ ತೆರೆಯುತ್ತದೆ. ಪಾರುಪತ್ಯಗಾರ ಹಟ ಹಿಡಿದು ಕೇಳಿದ್ದಂತೆ, ಒಂದು ಖಾನೆ ತೆರೆದಿದ್ದರೆ ಉಳಿದವು ಬೀಗ ಬಿದ್ದಂತೆ. ಅದನ್ನು ಮುಚ್ಚಿದ ಮೇಲೆ ಇನ್ನೊಂದು. ಯಾವುದನ್ನು ತೆಗೆದರೂ ಗಂಟೆ ಹೊಡೆಯುತ್ತದೆ, ಎಚ್ಚರ, ಇದೇ ಮದ್ದು ತಾನೇ ಎಂದು ಕೇಳಿದಂತೆ.

ಬಡಗಿಯ ಕಡೆಯವನೇ ಒಬ್ಬ ಪೆಟ್ಟಿಗೆಯ ಮುಂದೆ ನಿಂತ. ಹಿರಿಯರು ಒಂದೊಂದೇ ಮದ್ದಿನ ಹೆಸರು ಹೇಳಿದರು. ಅವನು ಕಣ್ಣೆವೆ ಮುಚ್ಚುವುದರೊಳಗೆ ತೆಗೆದು ತೋರಿಸಿದ. ವರ್ಷವೆಲ್ಲ ಅದೇ ಪೆಟ್ಟಿಗೆ ಮಾಡಿದವನ ಕೈ ಅದು, ತೆಗೆಯದೆ ಏನು ಮಾಡೀತು? ಆದರೆ ಹಿರಿಯರು ಭಲೇ ಎಂದರು. ಪಾರುಪತ್ಯಗಾರನ ಕಣ್ಣಲ್ಲಿ ನೀರು ಬಂತು. ಇನ್ನು ಇಲಿ ಬಂದರೇನು, ಯಮನೇ ಬಂದರೂ ಒಂದು ಮದ್ದಿಗೆ ಇನ್ನೊಂದು ಬೆರೆಯದು ಎಂದುಕೊಂಡ. ಯಾರನ್ನೂ ಕೇಳಲಿಲ್ಲ ಎಂಬ ಮಾತು ಬರಬಾರದೆಂದು ಸೂಲಗಿತ್ತಿಯನ್ನೂ ಕರೆದ. ಪೆಟ್ಟಿಗೆ ಹೇಗಿದೆ ಎಂದು ಕೇಳಿದ. ಐದು ಜನ ಹಿರಿಯರು ಅವಳನ್ನೇ ನೋಡುತ್ತಿದ್ದರು. ಅವಳು ಸೆರಗಿಗೆ ಕೈ ಒರೆಸಿಕೊಂಡು, ಚೆನ್ನಾಗಿದೆ ಎಂದಳು.

ಪೆಟ್ಟಿಗೆ ಬಂತು. ಎಂಟು ದಿನ ಅದರ ಗಂಟೆ ಊರಿಗೆಲ್ಲ ಕೇಳಿಸಿತು. ಹತ್ತನೆಯ ದಿನ ಪೆಟ್ಟಿಗೆಯ ಪಕ್ಕದಲ್ಲಿ ಮಲಗಿದ್ದವರಿಗೂ ಕೇಳಿಸಲಿಲ್ಲ. ಎಲ್ಲದಕ್ಕೂ ಹೊಡೆಯುವ ಗಂಟೆಗೆ ಯಾರು ಕಿವಿ ಕೊಡುತ್ತಾರೆ? ಸೂಲಗಿತ್ತಿಗೆ ಅಕ್ಷರ ಬರುತ್ತಿತ್ತು, ಶಾಸ್ತ್ರ ಬರುತ್ತಿರಲಿಲ್ಲ. ಅವಳಿಗೆ ಗೊತ್ತಿದ್ದ ಮದ್ದಿಗೆ ಪೆಟ್ಟಿಗೆಯಲ್ಲಿ ಗೊತ್ತಿಲ್ಲದ ಹೆಸರು. ಒಂದು ಕಷಾಯಕ್ಕೆ ಐದು ಮದ್ದು ಬೇಕು. ಐದು ಸಲ ತೆಗೆಯಬೇಕು, ಐದು ಸಲ ಮುಚ್ಚಬೇಕು. ಮೂರನೆಯದಕ್ಕೆ ಬರುವಾಗ ಅತ್ತ ಒಂದು ಮಗುವಿಗೆ ಜ್ವರ ನೆತ್ತಿಗೇರುತ್ತಿತ್ತು, ಇತ್ತ ಒಬ್ಬಳು ಅವ್ವಾ ಎಂದು ಕೂಗುತ್ತಿದ್ದಳು. ಸೂಲಗಿತ್ತಿಯ ಕೈಯಲ್ಲಿ ಒಂದೋ ಎಣ್ಣೆ, ಒಂದೋ ನೀರು, ಇಲ್ಲವೇ ನೆತ್ತರು. ಕಡಲೆಕಾಳಿನಷ್ಟು ಹಿಡಿ ಆ ಕೈಗೆ ಸಿಕ್ಕುತ್ತಿರಲಿಲ್ಲ.

ಅವಳು ಯಾರಿಗೂ ದೂರು ಹೇಳಲಿಲ್ಲ. ದೂರು ಹೇಳುವುದಕ್ಕೂ ಬಿಡುವು ಬೇಕಲ್ಲ. ದಿನವೂ ಮುಂಜಾನೆ ಒಂದೇ ಸಲ ಪೆಟ್ಟಿಗೆಯ ಮುಂದೆ ಕೂತು, ಆ ದಿನಕ್ಕೆ ಬೇಕಾಗುವ ಆರು ಮದ್ದು ತೆಗೆದುಕೊಳ್ಳುತ್ತಿದ್ದಳು. ಸೆರಗಿನ ಅಂಚಿನಲ್ಲಿ ಆರು ಗಂಟು ಕಟ್ಟುತ್ತಿದ್ದಳು. ತುದಿಯದು ಜ್ವರಕ್ಕೆ, ಅದರ ಪಕ್ಕದ್ದು ಭೇದಿಗೆ, ಹೀಗೆ. ಆಮೇಲೆ ಸಂಜೆಯವರೆಗೆ ಪೆಟ್ಟಿಗೆಯ ಹಂಗಿಲ್ಲ. ಬೆರಳಿಗೆ ಗಂಟು ಗೊತ್ತು, ಗಂಟಿಗೆ ರೋಗ ಗೊತ್ತು.

ಬಳಸದ ಪೆಟ್ಟಿಗೆ ಹೊಸದರಂತೆಯೇ ಇತ್ತು. ತಿಂಗಳಿಗೊಮ್ಮೆ ಹಿರಿಯರು ಬಂದು ನೋಡುತ್ತಿದ್ದರು. ಒಂದು ಗೀರಿಲ್ಲ, ಒಂದು ಕಲೆಯಿಲ್ಲ, ಒಂದು ಮದ್ದು ಜಾಗ ತಪ್ಪಿಲ್ಲ. ಪಾರುಪತ್ಯಗಾರನ ಭುಜ ತಟ್ಟಿ ಹೋಗುತ್ತಿದ್ದರು. ಅವನು ಜಂತೆ ನೋಡುವುದನ್ನು ಬಿಟ್ಟಿದ್ದ.

ಒಂದು ದಿನ ಎರಡು ಹಾಸಿಗೆಗಳ ನಡುವೆ ಓಡುವಾಗ ಸೂಲಗಿತ್ತಿಯ ಬೆರಳು ತಪ್ಪಿತು. ಮೂರನೆಯ ಗಂಟಿನ ಬದಲು ನಾಲ್ಕನೆಯದನ್ನು ಬಿಚ್ಚಿದಳು. ಆ ಮದ್ದು ಕುಡಿದ ಮುದುಕ ಇಡೀ ದಿನ ವಾಂತಿ ಮಾಡಿದ. ಪಾರುಪತ್ಯಗಾರ ಓಡಿ ಬಂದ. ಮೊದಲು ಪೆಟ್ಟಿಗೆ ನೋಡಿದ. ನೂರೆಂಟೂ ಸರಿಯಾಗಿದ್ದವು. ಆಮೇಲೆ ಅವಳ ಸೆರಗು ನೋಡಿದ. ಇಂಥ ಪೆಟ್ಟಿಗೆ ಮುಂದಿಟ್ಟುಕೊಂಡು ಸೆರಗಿನಲ್ಲಿ ಮದ್ದು ಕಟ್ಟುತ್ತೀಯಾ ಎಂದು ಕೂಗಾಡಿದ. ರೋಗಿಗಳೆಲ್ಲ ನೋಡುತ್ತಿರುವಂತೆ ಆರು ಗಂಟನ್ನೂ ಒಂದೊಂದಾಗಿ ಬಿಚ್ಚಿಸಿ ಬೂದಿಗುಂಡಿಗೆ ಕೊಡವಿಸಿದ. ಇನ್ನು ಮುಂದೆ ಯಾರ ಮೈಮೇಲೂ ಒಂದು ಚಿಟಿಕೆ ಮದ್ದು ಕಾಣಬಾರದೆಂದು ಕಟ್ಟಪ್ಪಣೆ ಮಾಡಿದ.

"ಸರಿಯಾಗೇ ಮಾಡಿದ ಬುದ್ಧಿ" ಎಂದ ಮರುಳಸಿದ್ಧಯ್ಯ. ಕತೆ ಶುರುವಾದ ಮೇಲೆ ಅವನಿಗೆ ಮೊದಲ ಸಲ ಸ್ವಲ್ಪ ಹಗುರವೆನಿಸಿತ್ತು.

ಸ್ವಾಮಿಗಳು ಹೂಂ ಎಂದರು. ಎರಡು ಗುಟುಕು ನೀರು ಕುಡಿದು ಮುಂದುವರಿಸಿದರು.

ಪಾರುಪತ್ಯಗಾರನಿಗೆ ಒಬ್ಬಳೇ ಮಗಳು. ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬಂದಳು. ಮುದುಕನ ವಾಂತಿಯ ಸುದ್ದಿ ಊರಲ್ಲಿ ಹರಡಿ, ಈ ಪೆಟ್ಟಿಗೆಗಿಂತ ಆ ಜಂತೆಯೇ ವಾಸಿಯಾಗಿತ್ತು ಎಂದು ಜನ ಆಡಿಕೊಳ್ಳುತ್ತಿದ್ದ ಹೊತ್ತು ಅದು. ಪಾರುಪತ್ಯಗಾರ ಕಟ್ಟೆಯ ಮೇಲೆ ಕೂತವರೆಲ್ಲರ ಎದುರಿಗೆ, ನನ್ನ ಮಗಳ ಹೆರಿಗೆ ವೈದ್ಯಶಾಲೆಯಲ್ಲೇ ಆಗುತ್ತದೆ, ನೋಡಿಕೊಳ್ಳಿ ಎಂದುಬಿಟ್ಟ. ಮನೆಗೆ ಬಂದರೆ ಹೆಂಡತಿ ಹೊಸ್ತಿಲಲ್ಲೇ ನಿಂತಿದ್ದಳು. ನಿಮ್ಮ ಪೆಟ್ಟಿಗೆಯ ಪರೀಕ್ಷೆಗೆ ನನ್ನ ಮಗಳೇ ಬೇಕಾಗಿತ್ತೇ ಎಂದು ಕೇಳಿದಳು. ಆಡಿದ ಮಾತು, ಒಡೆದ ಮುತ್ತು. ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ.

ಅಂದಿನಿಂದ ಅವನು ಕೂತಲ್ಲಿ ಕೂರಲಿಲ್ಲ. ದಿನವೂ ವೈದ್ಯಶಾಲೆಗೆ ಹೋಗಿ ಪೆಟ್ಟಿಗೆ ನೋಡುತ್ತಿದ್ದ. ಎಲ್ಲವೂ ಸರಿಯಾಗಿತ್ತು. ಸರಿಯಾಗಿದ್ದಷ್ಟೂ ಮತ್ತೆ ಮತ್ತೆ ನೋಡಬೇಕೆನಿಸುತ್ತಿತ್ತು. ಯಾಕೆಂದು ಅವನಿಗೇ ತಿಳಿಯುತ್ತಿರಲಿಲ್ಲ. ಗಂಟು ಬಿಚ್ಚಿಸಿದ ಮೇಲೆ ಸೂಲಗಿತ್ತಿ ಒಂದೊಂದು ಮದ್ದಿಗೂ ಪೆಟ್ಟಿಗೆಯ ಹತ್ತಿರ ಓಡುತ್ತಿದ್ದಳು. ಊಟ ನಿಂತುಕೊಂಡೇ ಮಾಡುತ್ತಿದ್ದಳು. ಅದನ್ನು ಅವನು ನೋಡಿದ. ಕೊನೆಗೂ ನೇಮದಂತೆ ನಡೆಯುತ್ತಿದ್ದಾಳೆ ಎಂದುಕೊಂಡ. ವೈದ್ಯನನ್ನು ಹಿಡಿದು ನಿಲ್ಲಿಸಿ, ಹೆರಿಗೆಯಲ್ಲಿ ಏನೇನು ಆಗಬಹುದು ಎಂದು ಕೇಳಿದ. ವೈದ್ಯ ಒಂದೇ ಮಾತು ಹೇಳಿದ. ಹೆತ್ತ ಮೇಲೆ ನೆತ್ತರು ನಿಲ್ಲದಿದ್ದರೆ ಇಂಥ ಪುಡಿ ಕೊಡಬೇಕು, ಒಂದು ವೀಳ್ಯ ಅಗಿದು ಮುಗಿಸುವುದರೊಳಗೆ ಕೊಡಬೇಕು. ಪಾರುಪತ್ಯಗಾರ ಹೋಗಿ ಆ ಪುಡಿ ಖಾನೆಯಲ್ಲಿದೆಯೇ ಎಂದು ನೋಡಿದ. ಇತ್ತು. ಮರುದಿನವೂ ನೋಡಿದ. ಇತ್ತು.

ಹೆರಿಗೆಯಾದದ್ದು ಹಾಡುಹಗಲು. ವೈದ್ಯ ಪಕ್ಕದ ಊರಿಗೆ ಹೋಗಿದ್ದ. ಸೂಲಗಿತ್ತಿಯೂ ಪಾರುಪತ್ಯಗಾರನ ಹೆಂಡತಿಯೂ ಒಳಗಿದ್ದರು. ಹೆರಿಗೆಯ ಕೋಣೆಗೆ ಗಂಡಸರು ಹೋಗುವಂತಿಲ್ಲ. ಅವನು ಹೊರಗೆ ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದ. ಮಗು ಅತ್ತಿತು. ಅವನು ಉಸಿರು ಬಿಟ್ಟ. ಬಿಟ್ಟ ಉಸಿರು ಎಳೆದುಕೊಳ್ಳುವುದರೊಳಗೆ ಹೆಂಡತಿಯ ದನಿ ಕೇಳಿಸಿತು. ನೆತ್ತರು ನಿಲ್ಲುತ್ತಿಲ್ಲ ಎಂದಳು.

ಸೂಲಗಿತ್ತಿ ಹೊರಗೆ ಬಂದಳು. ಮೊಣಕೈವರೆಗೆ ಕೈ ಒದ್ದೆ. ಅಪ್ಪಣೆಯಾಗಿತ್ತಲ್ಲ, ನೆಟ್ಟಗೆ ಪೆಟ್ಟಿಗೆಗೇ ಬಂದಳು. ಮೇಲಿನ ಸಾಲಿನ ಹಿಡಿಯನ್ನು ಹಿಡಿದಳು, ಜಾರಿತು. ಸೆರಗಿಗೆ ಒರೆಸಿಕೊಂಡು ಹಿಡಿದಳು, ಮತ್ತೆ ಜಾರಿತು. ಮೂರನೆಯ ಸಲ ಖಾನೆ ತೆರೆಯಿತು. ಗಂಟೆ ಹೊಡೆಯಿತು. ಕೀಲಿಕೈ ಬೆರಳ ಸಂದಿನಿಂದ ಜಾರಿ ಬಿದ್ದು ಪೆಟ್ಟಿಗೆಯ ಅಡಿಗೆ ಹೋಯಿತು.

ಪಾರುಪತ್ಯಗಾರ ಅವಳನ್ನು ಪಕ್ಕಕ್ಕೆ ತಳ್ಳಿದ. ಅವನ ಕೈ ಒಣಗಿತ್ತು. ಅವನಿಗೆ ಶಾಸ್ತ್ರದ ಹೆಸರುಗಳೂ ಗೊತ್ತಿದ್ದವು. ಒಂದೊಂದು ಹೆಸರನ್ನೂ ಅವನೇ ಓದಿ ಒಪ್ಪಿ ಕೆತ್ತಿಸಿದ್ದ. ನೆಲಕ್ಕೆ ಬಿದ್ದು ಕೀಲಿಕೈ ಹುಡುಕಿ ತೆಗೆದ. ಎದ್ದು ಪೆಟ್ಟಿಗೆ ನೋಡಿದ. ನೂರೆಂಟು ಖಾನೆಗಳು, ಎಲ್ಲ ಒಂದೇ ಅಳತೆ, ಒಂದೇ ಹಿಡಿ, ಒಂದೇ ಅಕ್ಷರ. ನಿನ್ನೆ ತಾನೇ ನೋಡಿದ್ದ ಖಾನೆ ಎಲ್ಲಿ? ಕೀಲಿಕೈ ತೂರಿಸಿದ. ಅದು ಅಲ್ಲ. ಕೆಳಗಿನದಕ್ಕೆ ತೂರಿಸಿದ. ತಿರುಗಿತು, ಖಾನೆ ಬರಲಿಲ್ಲ. ಎಳೆದ. ಬರಲಿಲ್ಲ. ಮೇಲಿನ ರೋಗದ ಖಾನೆಯನ್ನು ಮುಚ್ಚಲು ಮರೆತಿದ್ದ. ಅದು ತೆರೆದಿರುವವರೆಗೆ ಬೇರೆ ಯಾವುದೂ ತೆರೆಯದು. ಹಾಗೇ ಮಾಡಬೇಕೆಂದು ಹಟ ಹಿಡಿದವನು ಅವನೇ. ಅದನ್ನು ಮುಚ್ಚಿ ಮತ್ತೆ ಎಳೆದ. ಗಂಟೆ ಹೊಡೆಯಿತು. ಒಳಗಿದ್ದದ್ದು ಕೆಮ್ಮಿನ ಮದ್ದು. ಸೂಲಗಿತ್ತಿಯ ಜಾರುವ ಕೈಗೆ ಪಕ್ಕದ ರೋಗದ ಖಾನೆ ಸಿಕ್ಕಿ ಬಂದಿದ್ದ ಕೀಲಿಕೈ ಅದು. ಅದನ್ನು ಮುಚ್ಚಿ ಮೇಲಿನ ಸಾಲಿನ ಇನ್ನೊಂದು ಖಾನೆ ಎಳೆದ. ಗಂಟೆ ಹೊಡೆಯಿತು. ಅಕ್ಷರಗಳು ಕಣ್ಣಿಗೆ ನಿಲ್ಲುತ್ತಿರಲಿಲ್ಲ. ಒಳಗಿನಿಂದ ಮಗಳ ನರಳುವಿಕೆ ಕೇಳಿಸುತ್ತಿತ್ತು. ಆಮೇಲೆ ಅದೂ ಕೇಳಿಸಲಿಲ್ಲ. ಅವನು ಎರಡೂ ಕೈಯಿಂದ ಪೆಟ್ಟಿಗೆಯನ್ನು ಗುದ್ದಿದ. ಚೆನ್ನಾದ ಮರ, ಚೆನ್ನಾದ ಕೆಲಸ. ಒಂದು ಬಿರುಕೂ ಬಿಡಲಿಲ್ಲ.

ತಿರುಗಿ ನೋಡಿದರೆ ಸೂಲಗಿತ್ತಿ ಪಕ್ಕದಲ್ಲಿರಲಿಲ್ಲ. ಬಾಗಿಲ ಸಂದಿನಿಂದ ಕಂಡಳು. ಮಗಳ ತಲೆಯ ಹತ್ತಿರ ಕೂತು, ತನ್ನ ತುರುಬನ್ನು ಕಿತ್ತು ಬಿಚ್ಚುತ್ತಿದ್ದಳು. ಕೂದಲ ಒಳಗಿನಿಂದ ಬಟ್ಟೆಯ ಒಂದು ಪುಟ್ಟ ಗಂಟು ಹೊರಗೆ ಬಂತು. ಅದನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಮಗಳ ಬಾಯಿ ತೆರೆದು ಪುಡಿಯನ್ನು ನಾಲಗೆಗೆ ಹಾಕಿದಳು.

ಆಮೇಲಿನ ಹೊತ್ತು ಎಷ್ಟೆಂದು ಪಾರುಪತ್ಯಗಾರ ಯಾರಿಗೂ ಹೇಳಲಿಲ್ಲ. ಅವನು ಗೋಡೆಗೆ ಹಣೆ ಇಟ್ಟು ನಿಂತಿದ್ದ. ಕೊನೆಗೆ ಹೆಂಡತಿ ಹೊರಗೆ ಬಂದು, ನಿಂತಿತು ಎಂದಳು. ಪೆಟ್ಟಿಗೆಯ ಕಡೆ ನೋಡಲಿಲ್ಲ.

ಮಗಳು ಕಣ್ಣು ಬಿಟ್ಟು ನೀರು ಕೇಳಿದ ಮೇಲೆ ಪಾರುಪತ್ಯಗಾರ ಸೂಲಗಿತ್ತಿಯ ಹತ್ತಿರ ಹೋದ. ಅವಳು ಹಿತ್ತಲ ಕಲ್ಲಿನ ಮೇಲೆ ಕೂತು ಕೈ ತೊ‌ಳೆಯುತ್ತಿದ್ದಳು. ಅಪ್ಪಣೆ ಮೀರಿದ್ದಕ್ಕೆ ದಂಡನೆಯಾಗುತ್ತದೆಂದು ಅವಳಿಗೆ ಅನ್ನಿಸಿರಬೇಕು, ತಲೆ ಎತ್ತಲಿಲ್ಲ. ಅವನು ಅವಳ ಎದುರಿಗೆ ನೆಲದ ಮೇಲೆ ಕೂತ.

"ಆರೂ ಗಂಟು ಬಿಚ್ಚಿಸಿದ್ದೆನಲ್ಲಮ್ಮ" ಎಂದ.

"ಆರು ಬಿಚ್ಚಿಸಿದ್ರಿ ಧಣಿ. ಏಳನೇದು ಕೇಳ್ಲಿಲ್ಲ. ಅದು ಜೀವದ ಮದ್ದು. ಅದನ್ನ ಯಾವತ್ತೂ ಸೆರಗಿಗೆ ಕಟ್ಟಿದೋಳಲ್ಲ ನಾನು."

"ಪೆಟ್ಟಿಗೆ ಚೆನ್ನಾಗಿಲ್ಲ ಅಂತ ಅವತ್ತೇ ಯಾಕೆ ಹೇಳಲಿಲ್ಲ?"

ಅವಳು ಕೈ ಒರೆಸಿಕೊಂಡಳು. "ಪೆಟ್ಟಿಗೆ ಹೆಂಗೈತೆ ಅಂತ ಕೇಳಿದ್ರಿ. ಚೆನ್ನಾಗೈತೆ ಅಂದೆ. ಈಗ್ಲೂ ಚೆನ್ನಾಗೇ ಐತೆ. ನಿನ್ನ ಕೆಲ್ಸ ಹೆಂಗ್ ನಡೀತೈತೆ ಅಂತ ಯಾರು ಕೇಳಿದ್ರು ಧಣಿ?"

ಸ್ವಾಮಿಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಗಡಿಯಾರದಲ್ಲಿ ಮೂರೂ ಮುಕ್ಕಾಲಾಗಿತ್ತು. ಮರುಳಸಿದ್ಧಯ್ಯ ಅಂಗವಸ್ತ್ರದಿಂದ ಕತ್ತು ಒರೆಸಿಕೊಂಡ. ಬಾಗಿಲ ಸಂದಿನ ಮಾತು ಬಂದಾಗ ಅವನ ಕಣ್ಣೂ ಒದ್ದೆಯಾಗಿತ್ತು. ಈಗ ಕತೆ ಮುಗಿದು ಅದರ ನೀತಿ ಕೈಗೆ ಸಿಕ್ಕಿತೆಂದು ಅವನಿಗೆ ಧೈರ್ಯ ಬಂತು. ಬಳಸುವವರನ್ನು ಕೇಳಬೇಕು. ಅಷ್ಟೇ ತಾನೇ? ಅದನ್ನು ಅವನು ಮಾಡಿದ್ದ.

"ಆ ತಪ್ಪು ನಾವು ಮಾಡಿಲ್ಲ ಬುದ್ಧಿ" ಎಂದ. "ಹದಿನೇಳು ಜನ ನರ್ಸುಗಳನ್ನೂ ಆಫೀಸಿಗೆ ಕರೆಸಿ, ಕಂಪನಿಯವರ ಎದುರಿಗೇ ಕೇಳಿದ್ದೀವಿ. ಒಬ್ಬರೂ ಬಿಡದಂಗೆ ಚೆನ್ನಾಗಿದೆ ಅಂತ ಬರೆದುಕೊಟ್ಟಿದ್ದಾರೆ. ಹಾಲಮ್ಮನೂ ಬರೆದಿದ್ದಾಳೆ."

ಫೈಲು ಎತ್ತಿಕೊಂಡ. ಜೇಬಿನಿಂದ ಪೆನ್ನು ತೆಗೆದು ಗುರುಗಳ ಪಾದದ ಹತ್ತಿರ ಇಟ್ಟು, ಆಶೀರ್ವಾದಕ್ಕೆ ತಲೆ ಬಾಗಿದ. ಸ್ವಾಮಿಗಳು ಅವನ ತಲೆಯ ಮೇಲೆ ಕೈ ಇಟ್ಟರು. ಅವನು ಏಳುವವರೆಗೆ ಕಾದು, ಮೆಲ್ಲಗೆ ಕೇಳಿದರು.

"ತೊಳೆಸೋಕೆ ಮೊದಲು, ಆ ಹೆಣ್ಣುಮಗಳ ಅಂಗೈಲಿ ಏನು ಬರೆದಿತ್ತು ಅಂತ ಓದಿದೆಯೇನಪ್ಪಾ?"